ಬರಖಾಸ್ತಿನ ಅಧಿಕಾರ: ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಅರಣ್ಯವಾಸಿ ಸಂಸ್ಥೆಗಳು ಮತ್ತು ನಿಯಂತ್ರಕರ ಹಸ್ತಕ್ಷೇಪ

‘ಬರಖಾಸ್ತು’ ಎಂಬುದು ಪಾರಸಿಯಿಂದ ಕನ್ನಡದ ಕಚೇರಿ ಭಾಷೆಗೆ ಬಂದ ಪದ. ಮೂಲದಲ್ಲಿ ಅದರ ಅರ್ಥ ಎದ್ದೇಳುವುದು ಎಂದಷ್ಟೇ. ಕೆಲಸ ಮುಗಿದ ಮೇಲೆ ಸಭೆ ತಾನಾಗಿ ಏಳುವುದನ್ನು ಅದು ಸೂಚಿಸುತ್ತಿತ್ತು. ಇಲಾಖೆಗಳ ಕಡತಗಳನ್ನು ಹಾದು ಬರುವಷ್ಟರಲ್ಲಿ ಆ ಕ್ರಿಯೆಯ ಕರ್ತೃ ಬದಲಾಗಿದ್ದಾನೆ. ಈಗ ಸಭೆ ಏಳುವುದಿಲ್ಲ, ಅದನ್ನು ಎಬ್ಬಿಸಲಾಗುತ್ತದೆ. ಜನರು ಕೂಡಿ ಕಟ್ಟಿಕೊಂಡ ಸಂಸ್ಥೆಯೊಂದನ್ನು ಹೊರಗಿನ ಅಧಿಕಾರಿಯೊಬ್ಬ ಎಬ್ಬಿಸಿ ಕಳುಹಿಸುವ ಈ ಅಧಿಕಾರ ಯಾವ ಸಂದರ್ಭದಲ್ಲಿ ನ್ಯಾಯಸಮ್ಮತವಾಗುತ್ತದೆ, ಯಾವಾಗ ಅದು ಕೇವಲ ಯಜಮಾನಿಕೆಯ ಇನ್ನೊಂದು ರೂಪವಾಗುತ್ತದೆ ಎಂಬ ಪ್ರಶ್ನೆಯನ್ನು ಉತ್ತರ ಕನ್ನಡದ ಘಟ್ಟದ ಮೇಲಿನ ಮೂರು ತಾಲ್ಲೂಕುಗಳ ಹಿನ್ನೆಲೆಯಲ್ಲಿ ಪರಿಶೀಲಿಸಬೇಕಾಗಿದೆ.

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಾಡಂಚಿನಲ್ಲಿ ಬದುಕುವ ಸಮುದಾಯಗಳಿಗೆ ಅವರದೇ ಆದ ಸಂಘಟನೆಯ ರೂಪಗಳು ಇಲ್ಲದಿರಲಿಲ್ಲ. ಬುಧವಂತ, ಗೌಡ, ಪಂಚರು ಮುಂತಾದ ಸ್ಥಾನಗಳು, ಕೇರಿಯ ಕೂಟಗಳು ಈ ಜಿಲ್ಲೆಯ ಜನಾಂಗ ಅಧ್ಯಯನಗಳಲ್ಲಿ ಮತ್ತೆ ಮತ್ತೆ ದಾಖಲಾಗಿವೆ. ಟಿ.ಸಿ. ಪಾಲಾಕ್ಷಪ್ಪನವರು 1976ರಲ್ಲಿ ಉತ್ತರ ಕನ್ನಡದ ಸಿದ್ದಿಗಳನ್ನು ಕುರಿತು ಪ್ರಕಟಿಸಿದ ಗ್ರಂಥ ಈ ದಿಕ್ಕಿನ ಮೊದಲ ವಿಸ್ತೃತ ಪ್ರಯತ್ನಗಳಲ್ಲೊಂದು. ಆದರೆ ಬ್ಯಾಂಕಿನಲ್ಲಿ ಖಾತೆ ತೆರೆಯಲು, ಜೇನು ಅಥವಾ ಉಪ್ಪಾಗೆಯನ್ನು ಕಾನೂನುಬದ್ಧವಾಗಿ ಮಾರಲು, ಸರ್ಕಾರದ ನೆರವನ್ನು ಪಡೆಯಲು ಈ ಕೂಟಗಳು ಸಾಲುವುದಿಲ್ಲ. ಕರ್ನಾಟಕದಲ್ಲಿ ಸಂವಿಧಾನದ ಐದನೆಯ ಅನುಸೂಚಿಗೆ ಸೇರಿದ ಪ್ರದೇಶಗಳಿಲ್ಲ. ಹೀಗಾಗಿ 1996ರ ಪಂಚಾಯತಿ ವಿಸ್ತರಣಾ ಕಾಯಿದೆ ಇಲ್ಲಿಗೆ ಅನ್ವಯಿಸುವುದಿಲ್ಲ. ಮೂಲನಿವಾಸಿಗಳ ಸಂಸ್ಥೆ ಎಂದೇ ಗುರುತಿಸಿ ರೂಪಿಸಿದ ಕಾನೂನೂ ರಾಜ್ಯದಲ್ಲಿಲ್ಲ. ಆದ್ದರಿಂದ ಅವರು ಎರವಲು ಅಂಗಿಗಳನ್ನೇ ತೊಡಬೇಕಾಗುತ್ತದೆ: ಒಂದೋ 1959ರ ಸಹಕಾರ ಸಂಘಗಳ ಕಾಯಿದೆಯಡಿಯ ಸಂಘ, ಇಲ್ಲವೇ 1960ರ ಸಂಘಗಳ ನೋಂದಣಿ ಕಾಯಿದೆಯಡಿಯ ಸಂಸ್ಥೆ, ಅದೂ ಇಲ್ಲವಾದರೆ ಅರಣ್ಯ ಇಲಾಖೆ ರಚಿಸಿಕೊಡುವ ಗ್ರಾಮ ಅರಣ್ಯ ಸಮಿತಿ. ಪ್ರತಿಯೊಂದು ಅಂಗಿಯ ಕೊರಳಿಗೂ ಒಂದು ದಾರವಿದೆ. ಅದರ ತುದಿ ಯಾರ ಕೈಯಲ್ಲಿದೆ ಎಂಬುದರಲ್ಲಿ ಮಾತ್ರ ವ್ಯತ್ಯಾಸ.

ಸಹಕಾರದ ಅಂಗಿ ಈ ಸೀಮೆಗೆ ಹೊಸದಲ್ಲ. ಗದಗ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಮೊದಲ ಸಹಕಾರ ಸಂಘ ಹುಟ್ಟಿದ ಮೇಲೆ ಎರಡು ದಶಕ ಕಳೆಯುವುದರೊಳಗೆ ಶಿರಸಿ ಸಹಕಾರದ ಪ್ರಮುಖ ಕೇಂದ್ರವಾಯಿತು. 1920ರಲ್ಲಿ ಕೆನರಾ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು, 1923ರಲ್ಲಿ ತೋಟಗಾರರ ಮಾರಾಟ ಸಂಘ ಅಸ್ತಿತ್ವಕ್ಕೆ ಬಂದವು. ಅಡಿಕೆ ಬೆಳೆಗಾರರು ಕಟ್ಟಿದ ಈ ಪರಂಪರೆಯ ದೊಡ್ಡ ಗುಣವೆಂದರೆ ಲೆಕ್ಕಪತ್ರದ ಶಿಸ್ತು ಹಾಗೂ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳುವ ಅಭ್ಯಾಸ. ನಿಬಂಧಕರ ಆದೇಶ ಅನ್ಯಾಯವೆನಿಸಿದರೆ ಮೇಲ್ಮನವಿ ಸಲ್ಲಿಸುವ, ಧಾರವಾಡದ ಪೀಠದವರೆಗೂ ಹೋಗುವ ಶಕ್ತಿ ಈ ವರ್ಗಕ್ಕಿದೆ. ಕಾಡಿನ ಉತ್ಪನ್ನ ಆಯುವವರಿಗೆ ಅದಿಲ್ಲ. ಒಂದೇ ಕಾಯಿದೆಯ ಒಂದೇ ಕಲಮು ಇಬ್ಬರ ಮೇಲೆ ಬೀರುವ ಪರಿಣಾಮ ಬೇರೆ ಬೇರೆಯಾಗುವುದು ಇಲ್ಲಿಯೇ.

1959ರ ಕಾಯಿದೆಯ 30ನೆಯ ಕಲಮು ಆಡಳಿತ ಸಮಿತಿಯನ್ನು ತೆಗೆದುಹಾಕುವ ಅಧಿಕಾರವನ್ನು ನಿಬಂಧಕರಿಗೆ ಕೊಡುತ್ತದೆ. ಸಮಿತಿಯು ಪದೇಪದೇ ತಪ್ಪಿ ನಡೆಯುವುದು, ಕರ್ತವ್ಯದಲ್ಲಿ ಅಲಕ್ಷ್ಯ ತೋರುವುದು, ಸಂಘದ ಅಥವಾ ಸದಸ್ಯರ ಹಿತಕ್ಕೆ ಮಾರಕವಾಗಿ ವರ್ತಿಸುವುದು ಇವು ಅದಕ್ಕೆ ಮುಖ್ಯ ಕಾರಣಗಳು. ಆದೇಶಕ್ಕೆ ಮುನ್ನ ಸಮಿತಿಯ ಆಕ್ಷೇಪಣೆಗಳನ್ನು ಕೇಳಬೇಕು. 64ನೆಯ ಕಲಮಿನ ವಿಚಾರಣೆ, 65ರ ಪರಿವೀಕ್ಷಣೆ ಇದಕ್ಕೆ ಪೂರ್ವಭಾವಿಯಾಗಿ ನಡೆಯುವುದುಂಟು. ಈ ಕ್ರಮಗಳನ್ನು ಓದುವಾಗ ಕಾನೂನಿನ ಕನ್ನಡದ ಒಂದು ಲಕ್ಷಣವನ್ನು ಮರೆಯಬಾರದು. ನಮ್ಮ ಅಧಿನಿಯಮಗಳ ಭಾಷೆಯಲ್ಲಿ ಕರ್ತವ್ಯ ‘ತಕ್ಕದ್ದು’ ಎಂದು ಮುಗಿಯುತ್ತದೆ, ವಿವೇಚನೆ ‘ಬಹುದು’ ಎಂದು ಮುಗಿಯುತ್ತದೆ. ಯಾವುದೇ ಸಂಸ್ಥೆಯ ಸ್ವಾಯತ್ತತೆಯನ್ನು ಅಳೆಯಬೇಕೆಂದರೆ ಅದರ ಧ್ಯೇಯೋದ್ದೇಶಗಳ ಪುಟವನ್ನು ಓದಿ ಫಲವಿಲ್ಲ. ಸದಸ್ಯರ ವಾಕ್ಯಗಳು ಹೇಗೆ ಮುಗಿಯುತ್ತವೆ, ಅಧಿಕಾರಿಯ ವಾಕ್ಯಗಳು ಹೇಗೆ ಮುಗಿಯುತ್ತವೆ ಎಂಬುದನ್ನು ಎಣಿಸಬೇಕು. ಸದಸ್ಯರಿಗೆ ‘ತಕ್ಕದ್ದು’, ಅಧಿಕಾರಿಗೆ ‘ಬಹುದು’ ಎಂಬ ಹಂಚಿಕೆ ಇರುವಲ್ಲಿ ಜಂಟಿ ಎಂಬ ವಿಶೇಷಣ ಅಲಂಕಾರವಷ್ಟೆ.

ಈ ಹಂಚಿಕೆಯನ್ನು ತಿದ್ದುವ ಗಂಭೀರ ಪ್ರಯತ್ನವೊಂದು ನಡೆದದ್ದು 2011ರ 97ನೆಯ ಸಂವಿಧಾನ ತಿದ್ದುಪಡಿಯಲ್ಲಿ. ಅದರ 243ಝಡ್‌ಎಲ್ ಅನುಚ್ಛೇದದ ಪ್ರಕಾರ ಆಡಳಿತ ಮಂಡಳಿಯನ್ನು 6 ತಿಂಗಳಿಗಿಂತ ಹೆಚ್ಚು ಕಾಲ ಅಮಾನತಿನಲ್ಲಿಡುವಂತಿಲ್ಲ. ಆ ಅವಧಿಯೊಳಗೆ ಆಡಳಿತಾಧಿಕಾರಿಯು ಚುನಾವಣೆ ನಡೆಸಿ ಅಧಿಕಾರವನ್ನು ಮರಳಿಸಬೇಕು. ಸರ್ಕಾರದ ಷೇರು, ಸಾಲ, ನೆರವು, ಖಾತರಿ ಯಾವುದೂ ಇಲ್ಲದ ಸಂಘದ ಮಂಡಳಿಯನ್ನಂತೂ ತೆಗೆದುಹಾಕುವಂತೆಯೇ ಇಲ್ಲ. ಕರ್ನಾಟಕವೂ ತನ್ನ ಕಾಯಿದೆಯನ್ನು ಇದಕ್ಕೆ ಹೊಂದಿಸಿ ತಿದ್ದಿತು. ಸಹಕಾರ ಚುನಾವಣೆಗೆಂದೇ ಪ್ರತ್ಯೇಕ ಪ್ರಾಧಿಕಾರ ಬಂದಿತು. 2021ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಭಾಗವನ್ನು, ರಾಜ್ಯಗಳ ಅನುಮೋದನೆ ಪಡೆಯದ ಕಾರಣಕ್ಕೆ, ಬಹುರಾಜ್ಯ ಸಂಘಗಳಿಗಷ್ಟೇ ಸೀಮಿತಗೊಳಿಸಿತು. ತತ್ತ್ವ ಮಾತ್ರ ಚರ್ಚೆಯಲ್ಲಿ ಉಳಿದಿದೆ: ಹಸ್ತಕ್ಷೇಪಕ್ಕೆ ಕಾರಣವಿರಬೇಕು, ಅದಕ್ಕೊಂದು ಕೊನೆಯ ದಿನಾಂಕವಿರಬೇಕು, ಹಣ ಹೂಡದವನಿಗೆ ಬೀಗದ ಕೈ ಇರಬಾರದು.

ಈ ಕೊನೆಯ ಮಾತಿನಲ್ಲೇ ಆದಿವಾಸಿ ಸಂಘಗಳಿಗೆ ಒಂದು ಉರುಳಿದೆ. ಅವರ ಸಂಘಗಳಲ್ಲಿ ಸರ್ಕಾರದ ಹಣ ಇಲ್ಲದಿರುವುದು ಅಪರೂಪ. ಕೆ.ಎಸ್. ಬಾವಾ ಸಮಿತಿಯ ಶಿಫಾರಸಿನಂತೆ ಐದನೆಯ ಯೋಜನಾ ಕಾಲದಲ್ಲಿ ಹುಟ್ಟಿದ ಲ್ಯಾಂಪ್ಸ್, ಅಂದರೆ ಬೃಹತ್ ಪ್ರಮಾಣದ ಆದಿವಾಸಿ ವಿವಿಧೋದ್ದೇಶ ಸಹಕಾರ ಸಂಘಗಳು, ಸರ್ಕಾರದ ಷೇರು ಬಂಡವಾಳದಿಂದಲೇ ಆರಂಭವಾದವು. ಮೈಸೂರು, ಕೊಡಗು, ದಕ್ಷಿಣ ಕನ್ನಡ ಮೊದಲಾದ ಕಡೆ ಅವು ಬೇರೂರಿದಾಗ ಯಲ್ಲಾಪುರದ ಸಿದ್ದಿಗಳು ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲೇ ಇರಲಿಲ್ಲ. ಉತ್ತರ ಕನ್ನಡದ ಸಿದ್ದಿಗಳು ಆ ಪಟ್ಟಿಗೆ ಸೇರಿದ್ದು 2003ರಲ್ಲಿ. ಕುಣಬಿ, ಹಾಲಕ್ಕಿ, ಗೌಳಿಗಳ ಬೇಡಿಕೆ ದಶಕಗಳಿಂದ ಕಡತದಲ್ಲೇ ಸಾಗಿದೆ. ಲ್ಯಾಂಪ್ಸ್‌ನ ಆಂತರಿಕ ರಚನೆಯಲ್ಲಿ ಚುನಾಯಿತ ಆಡಳಿತ ಮಂಡಳಿಯ ಜತೆಗೆ ಇಲಾಖೆಯಿಂದ ನಿಯೋಜಿತನಾದ ವ್ಯವಸ್ಥಾಪಕನಿರುತ್ತಿದ್ದ. ಖರೀದಿ ದರ, ಟೆಂಡರು, ಸಿಬ್ಬಂದಿ ಎಲ್ಲವೂ ಅವನ ಸಹಿಯ ಸುತ್ತ ಸುತ್ತುತ್ತಿದ್ದವು. ಶರಚ್ಚಂದ್ರ ಲೇಲೆ ಮತ್ತು ಆರ್. ಜಗನ್ನಾಥ ರಾವ್ ಅವರು 1990ರ ದಶಕದ ಮಧ್ಯದಲ್ಲಿ ಕರ್ನಾಟಕದ ಲ್ಯಾಂಪ್ಸ್‌ಗಳನ್ನು ಕುರಿತು ಬರೆದ ಅಧ್ಯಯನದ ಶೀರ್ಷಿಕೆಯೇ ಸಂಘ ಯಾರದು, ಉತ್ಪನ್ನ ಯಾರದು ಎಂಬ ಎರಡು ಪ್ರಶ್ನೆಗಳನ್ನು ಎತ್ತುತ್ತದೆ. ನಷ್ಟವಾದಾಗ ಹೊಣೆ ಮಂಡಳಿಗೆ, ನಿರ್ಧಾರ ಮಾತ್ರ ನಿಯೋಜಿತನಿಗೆ ಎಂಬ ಸ್ಥಿತಿಯಲ್ಲಿ ‘ಅಲಕ್ಷ್ಯ’ ಯಾರದೆಂದು ತೀರ್ಮಾನಿಸುವುದು ಸುಲಭವಲ್ಲ.

ಆದರೂ ಸಹಕಾರ ಕಾಯಿದೆಯಲ್ಲಿ ನಿಬಂಧಕನೂ ಸಂಘವೂ ಕಾಗದದ ಮೇಲಾದರೂ ಎರಡು ಬೇರೆ ವ್ಯಕ್ತಿತ್ವಗಳು. ಈ ಸೀಮೆಯ ಕಾಡುಜನರ ದಿನನಿತ್ಯದ ಬದುಕಿಗೆ ಹೆಚ್ಚು ಹತ್ತಿರ ಬಂದ ಗ್ರಾಮ ಅರಣ್ಯ ಸಮಿತಿಯಲ್ಲಿ ಆ ಅಂತರವೂ ಅಳಿಸಿಹೋಯಿತು. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ಇಲಾಖೆಯ ಕಡಿತವನ್ನು ತಡೆದ ಮೇಲೆ, ಅರಣ್ಯವನ್ನು ಜನರಿಲ್ಲದೆ ಆಳಲಾಗದೆಂಬುದು ಕಚೇರಿಗೂ ತಿಳಿದಿತ್ತು. 1990ರ ದಶಕದ ಆರಂಭದಲ್ಲಿ ಬ್ರಿಟನ್ನಿನ ನೆರವಿನ ಪಶ್ಚಿಮ ಘಟ್ಟ ಅರಣ್ಯ ಮತ್ತು ಪರಿಸರ ಯೋಜನೆ ಈ ಜಿಲ್ಲೆಗೆ ಬಂದಿತು. 1993ರ ಏಪ್ರಿಲಿನಲ್ಲಿ ಜಂಟಿ ಅರಣ್ಯ ಯೋಜನೆಯ ಸರ್ಕಾರಿ ಆದೇಶ ಹೊರಟಿತು. ಅಪ್ಪಿಕೊಂಡ ಕೈಗಳಿಗೆ ಸಿಕ್ಕಿದ್ದು ಮುಖ್ಯವಾಗಿ ಹಸಿರು ಕಳೆದುಕೊಂಡ ನೆಲ: ಶೇ. 25ಕ್ಕಿಂತ ಕಡಿಮೆ ಮೇಲ್ಛಾವಣಿಯ ಕಾಡು. ದಟ್ಟ ಕಾನು ಇಲಾಖೆಯಲ್ಲೇ ಉಳಿಯಿತು. ಕೊಟ್ಟ ನೆಲದಲ್ಲಿ ಅಕೇಶಿಯಾ ಮೇಲೆದ್ದಿತು.

ಸಮಿತಿಯ ಅಧ್ಯಕ್ಷ ಗ್ರಾಮದವನು. ಸದಸ್ಯ ಕಾರ್ಯದರ್ಶಿ ಇಲಾಖೆಯ ಉಪವಲಯ ಅರಣ್ಯಾಧಿಕಾರಿ. ಸಭೆಯ ನಡಾವಳಿ ಬರೆಯುವವನು ಅವನು, ದಾಖಲೆಗಳು ಅವನ ವಶದಲ್ಲಿ, ಬ್ಯಾಂಕ್ ಖಾತೆ ಅಧ್ಯಕ್ಷನೊಂದಿಗೆ ಅವನ ಜಂಟಿ ಸಹಿಯದು. ಅವನು ವರ್ಗವಾಗಿ ಹೋದರೆ, ಅವನಿಗೆ ಬಿಡುವಿಲ್ಲದಿದ್ದರೆ, ಸಭೆ ಕರೆಯುವುದಕ್ಕೂ ತಡೆ. ಸಮಿತಿಯನ್ನು ವಿಸರ್ಜಿಸುವ, ಒಪ್ಪಂದವನ್ನು ರದ್ದುಪಡಿಸುವ ಅಧಿಕಾರವಿರುವುದು ಅದೇ ಇಲಾಖೆಯ ಉಪ ಅರಣ್ಯ ಸಂರಕ್ಷಣಾಧಿಕಾರಿಗೆ. ಅದರ ವಿರುದ್ಧ ಮೇಲ್ಮನವಿ ಅರಣ್ಯ ಸಂರಕ್ಷಣಾಧಿಕಾರಿಗೆ. ಶಿರಸಿ ವಿಭಾಗದ ಕಚೇರಿಯೂ ಕೆನರಾ ವೃತ್ತದ ಕಚೇರಿಯೂ ಒಂದೇ ಪಟ್ಟಣದಲ್ಲಿರುವುದರಿಂದ, ಸಿದ್ದಾಪುರದ ಹಳ್ಳಿಯೊಂದರ ಸಮಿತಿಗೆ ಶಿಕ್ಷೆಯ ಬಾಗಿಲಿಗೂ ನ್ಯಾಯದ ಬಾಗಿಲಿಗೂ ಬಸ್ಸಿನ ಟಿಕೆಟು ಒಂದೇ. ಸಮಿತಿ ನಿಷ್ಕ್ರಿಯವಾಗಿದೆ ಎಂದು ವರದಿಯಾದಾಗ ಆ ನಿಷ್ಕ್ರಿಯತೆಗೆ ಕಾರ್ಯದರ್ಶಿಯ ಪಾಲೆಷ್ಟು ಎಂದು ಕೇಳಬೇಕಾದವನು ಕಾರ್ಯದರ್ಶಿಯ ಮೇಲಧಿಕಾರಿಯೇ ಆಗಿರುತ್ತಾನೆ. ನಿಯಂತ್ರಕನು ಹೊರಗಿನಿಂದ ಬಂದು ಹಸ್ತಕ್ಷೇಪ ಮಾಡುತ್ತಾನೆ ಎಂಬ ಸಾಮಾನ್ಯ ಕಲ್ಪನೆ ಇಲ್ಲಿ ನಿಲ್ಲುವುದಿಲ್ಲ. ಅವನು ಮೊದಲಿನಿಂದಲೂ ಒಳಗೇ ಇದ್ದಾನೆ. 1998ರ ತಿದ್ದುಪಡಿಯ ಮೂಲಕ ಕರ್ನಾಟಕ ಅರಣ್ಯ ಕಾಯಿದೆಯಲ್ಲಿ 31-ಎ ಕಲಮು ಸೇರಿ ಸಮಿತಿಗಳಿಗೆ ಶಾಸನದ ನೆಲೆ ದೊರೆತದ್ದು, 2002ರಲ್ಲಿ ಆದೇಶ ಪರಿಷ್ಕೃತವಾದದ್ದು ನಿಜ. ಆದರೆ ಪಾಲಿನ ಲೆಕ್ಕವನ್ನು ಚರ್ಚಿಸಿದಷ್ಟು ಉತ್ಸಾಹದಿಂದ ಕಾರ್ಯದರ್ಶಿಯ ಸ್ಥಾನವನ್ನು ಯಾರೂ ಚರ್ಚಿಸಲಿಲ್ಲ.

ಬರಖಾಸ್ತಿನ ಪರಿಣಾಮವೇನೆಂದು ತಿಳಿಯಲು ಘಟ್ಟವಿಳಿದು ಇದೇ ಜಿಲ್ಲೆಯ ಕುಮಟಾ ತಾಲ್ಲೂಕಿಗೆ ಹೋಗಬೇಕು. ಮೇಲಿನ ತಾಲ್ಲೂಕುಗಳಲ್ಲಿ ತೋಟದ ಎಕರೆಯೊಂದಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟದ ಸವಲತ್ತು ಇದ್ದುದರಿಂದ ಅಲ್ಲಿನ ಅರಣ್ಯ ವಿವಾದ ಬಹುಮಟ್ಟಿಗೆ ತೋಟಿಗನ ವೈಯಕ್ತಿಕ ಹಕ್ಕಿನ ಸುತ್ತ ಬೆಳೆಯಿತು. ಕರಾವಳಿಯಲ್ಲಿ ಹಾಗಾಗಲಿಲ್ಲ. ಮುಂಬಯಿ ಸರ್ಕಾರದ ಅಧಿಕಾರಿ ಜಿ.ಎಫ್.ಎಸ್. ಕಾಲಿನ್ಸ್ 1920ರ ದಶಕದ ಆರಂಭದಲ್ಲಿ ಸಲ್ಲಿಸಿದ ವರದಿಯ ಬೆನ್ನಿಗೆ ಅಲ್ಲಿ ಗ್ರಾಮ ಅರಣ್ಯಗಳು, ಅವನ್ನು ನೋಡಿಕೊಳ್ಳುವ ಅರಣ್ಯ ಪಂಚಾಯತಿಗಳು ರೂಪುಗೊಂಡವು. ಹಳಕಾರ, ಮೂರೂರು-ಕಲ್ಲಬ್ಬೆ, ಚಿತ್ರಗಿಗಳು ಪ್ರಸಿದ್ಧ ನಿದರ್ಶನಗಳು. ಇಲ್ಲಿ ಕಾವಲುಗಾರನನ್ನು ನೇಮಿಸುವವರು, ಸೊಪ್ಪು ಸೌದೆಯ ಸರದಿ ನಿಗದಿಪಡಿಸುವವರು, ದಂಡ ವಿಧಿಸುವವರು ಹಳ್ಳಿಗರೇ. ರಾಜ್ಯ ಪುನರ್ವಿಂಗಡಣೆಯ ನಂತರ ಜಿಲ್ಲೆ ಮೈಸೂರಿಗೆ ಸೇರಿತು. 1970ರ ದಶಕದ ಅಂತ್ಯದಲ್ಲಿ ಈ ಪಂಚಾಯತಿಗಳನ್ನು ರದ್ದುಪಡಿಸುವ ಕ್ರಮ ಆರಂಭವಾಯಿತು. ಹಳಕಾರ ಮತ್ತು ಕಲ್ಲಬ್ಬೆಯವರು ನ್ಯಾಯಾಲಯಕ್ಕೆ ಹೋಗಿ ತಡೆಯಾಜ್ಞೆ ತಂದು ತಮ್ಮ ಕಾಡನ್ನು ಉಳಿಸಿಕೊಂಡರು. ಚಿತ್ರಗಿಯವರು ಹೋಗಲಿಲ್ಲ. ಮಾಧವ ಗಾಡ್ಗೀಳರು ದಾಖಲಿಸಿರುವಂತೆ ಅಲ್ಲಿ ಅರ್ಧ ಶತಮಾನ ಕಾಯ್ದುಕೊಂಡು ಬಂದ ಕಾಡು ಅಲ್ಪಕಾಲದಲ್ಲೇ ಕೊಡಲಿಗೆ ಬಲಿಯಾಯಿತು. ಕಡಿದವರು ಕಾಯ್ದ ಜನರೇ. ತಮ್ಮದಲ್ಲವೆಂದು ಘೋಷಿತವಾದ ಮರವನ್ನು ಕಾಯುವುದಕ್ಕೆ ಅವರಿಗೆ ಕಾರಣವೇ ಉಳಿದಿರಲಿಲ್ಲ. ಪಂಚಾಯತಿ ದುರಾಡಳಿತ ನಡೆಸುತ್ತಿತ್ತೆಂಬ ಆಪಾದನೆ ಈ ರದ್ದತಿಯ ಹಿಂದೆ ಪ್ರಮುಖವಾಗಿರಲಿಲ್ಲ ಎಂಬುದು ಗಮನಾರ್ಹ. ಕಾಡಿನ ಮೇಲೆ ಎರಡು ಅಧಿಕಾರಗಳಿರಬಾರದು ಎಂಬ ಆಡಳಿತದ ಅಚ್ಚುಕಟ್ಟುತನವೇ ಅಲ್ಲಿ ಕೆಲಸ ಮಾಡಿದಂತೆ ಕಾಣುತ್ತದೆ. ಎಲಿನಾರ್ ಆಸ್ಟ್ರಂ 1990ರಲ್ಲಿ ಸಾಮೂಹಿಕ ಸಂಪನ್ಮೂಲಗಳ ದೀರ್ಘಾಯುಷ್ಯಕ್ಕೆ ಗುರುತಿಸಿದ ಲಕ್ಷಣಗಳಲ್ಲಿ ಸಂಘಟಿತರಾಗುವ ಜನರ ಹಕ್ಕನ್ನು ಹೊರಗಿನ ಪ್ರಭುತ್ವ ಪ್ರಶ್ನಿಸದಿರುವುದೂ ಒಂದು. ಅದನ್ನು ಆಕೆ ಬರೆಯುವ ಒಂದು ದಶಕ ಮೊದಲೇ ಕುಮಟೆಯ ಮೂರು ಹಳ್ಳಿಗಳು ಪರೀಕ್ಷೆಗೆ ಒಡ್ಡಿಕೊಂಡಿದ್ದವು.

ಈ ವಿಷಯದಲ್ಲಿ ಆಸ್ಟ್ರೇಲಿಯದ ಅನುಭವ ಹೋಲಿಕೆಗೆ ಅರ್ಹವಾಗಿದೆ. ಅಲ್ಲಿನ ಮೂಲನಿವಾಸಿಗಳ ನಿಗಮಗಳಿಗಾಗಿ 1976ರಲ್ಲಿ ಪ್ರತ್ಯೇಕ ಕಾಯಿದೆ ಬಂದಿತು. 2006ರಲ್ಲಿ ಅಂಗೀಕೃತವಾದ ಹೊಸ ಕಾಯಿದೆ 2007ರ ಜುಲೈಯಿಂದ ಅದರ ಸ್ಥಾನವನ್ನು ಪಡೆಯಿತು. ಅದರಂತೆ ನಿಬಂಧಕನು ಸಾಮಾನ್ಯವಾಗಿ ಕಾರಣ ಕೇಳುವ ನೋಟೀಸು ನೀಡಿ ವಿಶೇಷ ಆಡಳಿತಾಧಿಕಾರಿಯನ್ನು ನೇಮಿಸಬಹುದು. ಈ ಅಧಿಕಾರ ಇತರ ಕಂಪನಿಗಳ ಮೇಲೆ ಪ್ರಭುತ್ವಕ್ಕಿರುವ ಅಧಿಕಾರಕ್ಕಿಂತ ಹೆಚ್ಚಿನದೆಂಬ ಟೀಕೆ ಅಲ್ಲಿಯೂ ಇದೆ. ನಿಬಂಧಕನ ಕಚೇರಿ, ನಿಗಮಗಳಿಗೆ ಅನುದಾನ ಕೊಡುವ ಆಡಳಿತ ಶಾಖೆಯ ನೆರಳಿನಲ್ಲೇ ಇದೆಯೆಂಬ ಆಕ್ಷೇಪವೂ ಇದೆ. ರಕ್ಷಣೆಯ ಹೆಸರಿನ ಪಾಲಕತ್ವ ಅಷ್ಟು ಸುಲಭವಾಗಿ ಸಾಯುವುದಿಲ್ಲ. ಹೀಗಿದ್ದರೂ ಆ ಕಾಯಿದೆಯಲ್ಲಿ ಎರಡು ಅಂಶಗಳು ನಮ್ಮಲ್ಲಿಲ್ಲದವು. ನಿರ್ದೇಶಕರ ಬಹುಮತವೇ, ಅಥವಾ ನಿಗದಿತ ಸಂಖ್ಯೆಯ ಸದಸ್ಯರೇ ಆಡಳಿತಾಧಿಕಾರಿಯನ್ನು ಕಳುಹಿಸಿರೆಂದು ಕೇಳಬಹುದು. ಮತ್ತು ಹಾಗೆ ಬಂದವನ ಕೆಲಸ ನಿಗಮವನ್ನು ಸರಿಪಡಿಸಿ ಸದಸ್ಯರಿಗೆ ಮರಳಿಸುವುದೇ ಹೊರತು ಮುಚ್ಚುವುದಲ್ಲ ಎಂಬುದು ಆ ವ್ಯವಸ್ಥೆಯ ಘೋಷಿತ ನೀತಿ. ಅಲ್ಲಿಯ ನಿಬಂಧಕ ನಿಗಮದ ನಡಾವಳಿ ಪುಸ್ತಕವನ್ನು ತಾನೇ ಬರೆಯುವುದಿಲ್ಲ ಎಂಬ ಸರಳ ಸಂಗತಿಯನ್ನೂ ಇದಕ್ಕೆ ಸೇರಿಸಬೇಕು.

ಸದಸ್ಯರೇ ಹಸ್ತಕ್ಷೇಪವನ್ನು ಕೇಳುವ ಸಾಧ್ಯತೆ ಶಿರಸಿ ಸೀಮೆಗೆ ಪುಸ್ತಕದ ಮಾತಲ್ಲ. ಇಲಾಖೆಯನ್ನು ಹೊರಗಿಟ್ಟರೆ ಸಮಿತಿಗಳು ತಾವಾಗಿ ಪ್ರಜಾಸತ್ತಾತ್ಮಕವಾಗಿಬಿಡುತ್ತವೆ ಎಂದು ನಂಬುವ ಒಂದು ಬಗೆಯ ಬರವಣಿಗೆ ನಮ್ಮಲ್ಲಿ ಬೆಳೆದಿದೆ. ಅದು ಊರನ್ನು ದೂರದಿಂದ ಕಂಡ ನೋಟ. ತೋಟ, ಬೆಟ್ಟ, ಅಕ್ಷರ ಮೂರೂ ಇದ್ದವನು ಅಧ್ಯಕ್ಷನಾಗುವ ಹಳ್ಳಿಯಲ್ಲಿ ಕೂಲಿಯ ಸಿದ್ದಿ ಹೆಂಗಸು ಸಭೆಯ ನಡುವೆ ಲೆಕ್ಕ ಕೇಳುವುದು ಕಾಗದದಲ್ಲಿ ಬರೆದಷ್ಟು ಸಲೀಸಲ್ಲ. ಮರುದಿನ ಅವಳು ಕೂಲಿಗೆ ಹೋಗಬೇಕಾದದ್ದು ಆ ಅಧ್ಯಕ್ಷನ ತೋಟಕ್ಕೇ ಇರಬಹುದು. ಉಪ್ಪಾಗೆಯ ಉದಾಹರಣೆಯನ್ನೇ ನೋಡಬಹುದು. 1990ರ ದಶಕದಲ್ಲಿ ಈ ಹಣ್ಣಿನ ಸಿಪ್ಪೆಗೆ ಹೊರದೇಶದ ಬೇಡಿಕೆ ಏರಿ ಬೆಲೆ ಹೆಚ್ಚಿದಾಗ, ಶಿರಸಿ ಸುತ್ತಲಿನ ಕಾಡುಗಳಲ್ಲಿ ಹಣ್ಣು ಮಾಗುವ ಮುನ್ನವೇ ಕೀಳುವ ಪೈಪೋಟಿ ಹುಟ್ಟಿತು. ಮಳೆಗಾಲದಲ್ಲಿ ಅದನ್ನು ಒಣಗಿಸಲು ಸೌದೆಯೂ ಹೇರಳವಾಗಿ ಉರಿಯಿತು. ನಿತಿನ್ ರೈ ಅವರ ಅಧ್ಯಯನಗಳು ಈ ವಿದ್ಯಮಾನವನ್ನು ವಿವರವಾಗಿ ದಾಖಲಿಸಿವೆ. ಗುತ್ತಿಗೆ ಯಾರಿಗೆ, ಯಾವ ದಿನದಿಂದ ಕೊಯ್ಲು, ಕೊಯ್ದವರಿಗೆ ದರವೆಷ್ಟು ಎಂಬ ನಿರ್ಧಾರಗಳಲ್ಲಿ ಕೊಯ್ಯುವವರ ದನಿ ಎಷ್ಟು ಕೇಳಿಸಿತು ಎಂದು ಕೇಳಿದರೆ, ಇಲಾಖೆಯ ಯಜಮಾನಿಕೆಯ ಪಕ್ಕದಲ್ಲೇ ಊರಿನ ಯಜಮಾನಿಕೆಯೂ ಕಾಣಿಸುತ್ತದೆ. ಇಂಥ ಕಡೆ ಹೊರಗಿನ ಕೈ ಬೇಕು. ಅದು ಕೊಯ್ಯುವವರ ಕರೆಗೆ ಬರಬೇಕು. ಈಗಿರುವ ಏರ್ಪಾಡಿನಲ್ಲಿ ಅವರು ಕರೆದರೆ ಬರುವವನು ಅಧ್ಯಕ್ಷನೊಂದಿಗೆ ಖಾತೆ ಹಂಚಿಕೊಂಡ ಕಾರ್ಯದರ್ಶಿಯ ಮೇಲಧಿಕಾರಿ. ಸಹಕಾರ ಕಾಯಿದೆಯಲ್ಲಿ ಸದಸ್ಯರ ಅರ್ಜಿಯ ಮೇಲೆ ವಿಚಾರಣೆ ನಡೆಯುವ ದಾರಿಯಿದೆ. ಅರಣ್ಯ ಸಮಿತಿಯ ಸದಸ್ಯನಿಗೆ, ಇಲಾಖೆಯ ಹೊರಗಿನ ಒಬ್ಬ ಪರಿಶೋಧಕನನ್ನಾಗಲಿ ಪಂಚನನ್ನಾಗಲಿ ಕೇಳುವ ಅಂಥ ಹಕ್ಕಿಲ್ಲ. ಕಾಯಿದೆಗಳೆರಡನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಅತಿ ದುರ್ಬಲ ಸದಸ್ಯರಿರುವ ಸಂಸ್ಥೆಗೇ ಅತಿ ದುರ್ಬಲ ರಕ್ಷಣೆ ಸಿಕ್ಕಿರುವುದು ಕಾಣುತ್ತದೆ.

2006ರ ಅರಣ್ಯ ಹಕ್ಕುಗಳ ಕಾಯಿದೆ ಈ ಸರಪಳಿಯಿಂದ ಹೊರಗಿನ ಒಂದು ರೂಪವನ್ನು ತೋರಿಸಿದೆ. ಗ್ರಾಮಸಭೆ ತನ್ನ ಕಾಡನ್ನು ಕಾಯಲು ತಾನೇ ಸಮಿತಿ ರಚಿಸುತ್ತದೆ. ಆ ಸಮಿತಿ ಉತ್ತರ ಹೇಳಬೇಕಾದದ್ದು ಗ್ರಾಮಸಭೆಗೆ. 2012ರ ನಿಯಮ ತಿದ್ದುಪಡಿಯ ನಂತರ ಕಿರು ಉತ್ಪನ್ನದ ಸಾಗಣೆ ಪರವಾನಗಿಯನ್ನೂ ಆ ಸಮಿತಿ ಅಥವಾ ಗ್ರಾಮಸಭೆ ಅಧಿಕಾರ ಕೊಟ್ಟವರೇ ನೀಡಬಹುದು. ಬಿಳಿಗಿರಿರಂಗನ ಬೆಟ್ಟದಲ್ಲಿ 2011ರಲ್ಲಿ ಸೋಲಿಗರ 25 ಗ್ರಾಮಸಭೆಗಳು ಸಮುದಾಯ ಹಕ್ಕುಪತ್ರ ಪಡೆದವು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಚರ್ಚೆ ಬಹುಪಾಲು ವೈಯಕ್ತಿಕ ಅತಿಕ್ರಮಣದ ಪಹಣಿಯ ಸುತ್ತಲೇ ತಿರುಗಿತು; ಪಂಗಡದ ಪಟ್ಟಿಯಲ್ಲಿಲ್ಲದವರು 75 ವರ್ಷಗಳ ಸಾಕ್ಷ್ಯ ಹುಡುಕುತ್ತ ಉಳಿದರು. 2003ರಿಂದ ಆ ಸಾಕ್ಷ್ಯದ ಹೊರೆಯಿಲ್ಲದ ಯಲ್ಲಾಪುರದ ಸಿದ್ದಿಗಳ ಕೇರಿಗಳಿಗೆ ಸಮುದಾಯದ ಹಕ್ಕಿನ ಅರ್ಜಿ ಸಲ್ಲಿಸಲು ಕಾಯಿದೆಯ ಅಡ್ಡಿಯಿಲ್ಲ. ಹಾಗೆ ಹುಟ್ಟುವ ಸಮಿತಿಯ ನಡಾವಳಿ ಪುಸ್ತಕವನ್ನು ಯಾರು ಬರೆಯುತ್ತಾರೆ, ಅದು ಯಾರ ಮನೆಯಲ್ಲಿರುತ್ತದೆ ಎಂಬುದನ್ನು ಮೊದಲ ಸಭೆಯಲ್ಲೇ ನಿರ್ಧರಿಸಬೇಕಾಗುತ್ತದೆ.